‘ಬಂದೆ’ ಎಂದವರು ಇನ್ನೂ ಬಂದಿರುವುದಿಲ್ಲ

ಪುಣೆಯ ಮಗ್ಗುಲಲ್ಲೇ, ಚಾಕಣದಲ್ಲಿ ಸ್ಯಾನಿ ಕಾರ್ಖಾನೆ ಇದೆ, ರಾಂಜಣಗಾಂವ್‌ನಲ್ಲಿ ಹಾಯರ್ ಇದೆ. ಇಂಥ ಕಡೆ ದುಭಾಷಿಯ ಕೆಲಸ ಸಿಕ್ಕೀತೆಂದು ಚೀನಿ ಕಲಿಯುವವರು ಮೊದಲು ಕಿವಿಗೊಡಬೇಕಾದದ್ದು ಮಾತಿನ ಕೊನೆಯ ಒಂದಕ್ಷರಕ್ಕೆ. ಯಂತ್ರದ ಮುಂದೆ ನಿಂತ ಎಂಜಿನಿಯರ್ ‘ಮೇಯ್ ವೆನ್‌ತಿ’ ಎಂದರೆ ‘ತೊಂದರೆ ಇಲ್ಲ’. ‘ಮೇಯ್ ವೆನ್‌ತಿ ಬ’ ಎಂದರೆ ‘ತೊಂದರೆ ಇಲ್ಲ ತಾನೆ?’ ‘ಮೇಯ್ ವೆನ್‌ತಿ ಲ’ ಎಂದರೆ ‘ಈಗ ತೊಂದರೆ ಇಲ್ಲ’, ಅಂದರೆ ಇಷ್ಟು ಹೊತ್ತು ಇತ್ತು. ಮೂರಕ್ಕೂ ‘ನೋ ಪ್ರಾಬ್ಲಮ್’ ಎಂದುಬಿಡುವ ದುಭಾಷಿ ಒಂದು ಪ್ರಶ್ನೆಯನ್ನು ಭರವಸೆ ಮಾಡಿ ದಾಟಿಸಿರುತ್ತಾರೆ.

ತಪ್ಪು ಅವರ ಕಿವಿಯದಲ್ಲ, ಕಲಿಸಿದ ಕ್ರಮದ್ದು. ಈ ಪ್ರತ್ಯಯದಂಥ ಪದಗಳಿಗೆ ಒತ್ತಿಲ್ಲ, ಚೀನಿಯ ನಾಲ್ಕು ಸ್ವರಗಳಲ್ಲಿ ಒಂದೂ ಇವಕ್ಕೆ ಸೇರಿದ್ದಲ್ಲ. ಕೇಳಿಸಿಕೊಂಡು ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವ ಅಭ್ಯಾಸದಲ್ಲಿ ಇವನ್ನು ಬಿಟ್ಟರೂ ಅಂಕ ಸಿಗುತ್ತದೆ; ‘ನಾಳೆ’, ‘ರೈಲು’, ‘ಎಂಟು ಗಂಟೆ’ ಹಿಡಿದರೆ ಸಾಕು. ಉಕ್ತಲೇಖನ ಹಾಗೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ‘ದ’ ಎಂಬ ಒಂದೇ ಸದ್ದಿಗೆ ಮೂರು ಲಿಪಿಚಿಹ್ನೆಗಳಿವೆ: ‘ನನ್ನ ಮನೆ’ಯಲ್ಲಿರುವ ಷಷ್ಠಿಗೆ ಒಂದು, ‘ನಿಧಾನವಾಗಿ ಮಾತಾಡು’ ಎಂಬಲ್ಲಿನ ‘ಆಗಿ’ಗೆ ಇನ್ನೊಂದು, ‘ಅವನು ಮಾತಾಡೋದು ಬಹಳ ನಿಧಾನ’ ಎಂದು ಮಾಡಿದ ಕೆಲಸವನ್ನು ಅಳೆಯುವುದಕ್ಕೆ ಮತ್ತೊಂದು. ಕಿವಿಗೆ ಮೂರೂ ಒಂದೇ, ಆರಿಸಬೇಕಾದ್ದು ಕೈ. ಕೀಲಿಮಣೆಯಲ್ಲಿ ‘ದ’ ಒತ್ತಿದರೆ ಯಂತ್ರವೇ ಒಂದನ್ನು ಮುಂದಿಡುತ್ತದೆ, ಕಲಿತದ್ದು ಯಂತ್ರ. ಆದ್ದರಿಂದ ಪೆನ್ನು ಬೇಕು.

ಇನ್ನು ಅನುವಾದ. ಇಲ್ಲಿ ನಿಜವಾದ ಹಾನಿ ಮಾಡುತ್ತಿರುವುದು ನಡುವೆ ನಿಂತ ಇಂಗ್ಲಿಷ್. ‘ಲ’ ಎಂದರೆ ಭೂತಕಾಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡವರು ಅದನ್ನು ವರ್ಷಗಟ್ಟಲೆ ಹೊರುತ್ತಾರೆ. ಆದರೆ ಅಡಿಗೆಮನೆಯಿಂದ ಅಮ್ಮ ಕರೆದಾಗ ಕುರ್ಚಿಯಿಂದ ಏಳದೆಯೇ ‘ಬಂದೆ’ ಎನ್ನುವುದು ಯಾವ ಭೂತಕಾಲ? ಪುಣೆಯವರು ಅದೇ ಜಾಗದಲ್ಲಿ ‘ಆಲೋ’ ಎನ್ನುತ್ತಾರೆ, ಚೀನಿಯರು ‘ಲಾಯ್ ಲ’. ಮೊದಲ ಹನಿ ಬಿದ್ದಾಗ ‘ಮಳೆ ಬಂತು’ ಎನ್ನುತ್ತೇವೆ, ಅಲ್ಲೂ ‘ಲ’. ಸಂತೆಯಲ್ಲಿ ‘ಬೆಲೆ ಜಾಸ್ತಿಯಾಯ್ತು’ ಎಂದು ಮೂಗು ಮುರಿಯುವಾಗಲೂ ‘ಲ’. ಬದಲಾವಣೆಯನ್ನು ಹೀಗೆ ಹೇಳುವುದು ಕನ್ನಡ, ಮರಾಠಿ ಮನೆಯ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತು. ಅದನ್ನು ಮರೆಸಿ, ಇಂಗ್ಲಿಷಿನ ಕಾಲಗಳಿಗೆ ತಂದು ಕಟ್ಟಿ, ಆಮೇಲೆ ‘ಚೀನಿ ವ್ಯಾಕರಣ ಕಷ್ಟ’ ಎನ್ನುತ್ತಾರೆ.

ಹೊಂದದ ಜಾಗವೂ ಇದೆ, ಅದೇ ಒಳ್ಳೆಯ ಪಾಠ. ‘ಚಿಕ್ಕಂದಿನಲ್ಲಿ ದಿನಾ ಹೋಗುತ್ತಿದ್ದೆ’ ಎಂಬುದು ಪೂರಾ ಭೂತಕಾಲ, ಚೀನಿಯಲ್ಲಿ ಅದಕ್ಕೆ ‘ಲ’ ಬೇಡ. ‘ಊಟ ಮಾಡಿ ಹೋಗಿ’ ಎಂಬ ಉಪಚಾರದ ಮಾತಿನಲ್ಲಿ ಊಟ ಇನ್ನೂ ಆಗಿಲ್ಲ, ಆದರೂ ಕ್ರಿಯಾಪದಕ್ಕೆ ಅಂಟುವ ಇನ್ನೊಂದು ‘ಲ’ ಅಲ್ಲಿ ಬರುತ್ತದೆ. ನಮ್ಮ ‘ಮಾಡಿ’ಯ ಕೆಲಸ ಅದರದ್ದು.

ಉಕ್ತಲೇಖನ, ಅನುವಾದ ಎಂದೊಡನೆ ‘ಅದು ಹಳೇ ಕಾಲದ ಪದ್ಧತಿ, ಮಾತಾಡಿಸಿ ಕಲಿಸಬೇಕು’ ಎನ್ನುವ ಶಿಕ್ಷಕರಿದ್ದಾರೆ. ಮಾತಾಡಿಸಲಿ, ಬೇಡ ಎಂದವರಾರು? ಚೀನವೇ 2021ರಲ್ಲಿ ತಂದ ಮಾನದಂಡದಲ್ಲಿ ಕೇಳುವುದು, ಮಾತಾಡುವುದು, ಓದುವುದು, ಬರೆಯುವುದರ ಜೊತೆಗೆ ಅನುವಾದವನ್ನೂ ಸೇರಿಸಿದೆ. ಪುಣೆಗೂ ಇದು ಹೊಸದಲ್ಲ. ಫರ್ಗ್ಯುಸನ್ ಕಾಲೇಜಿನ ಪಾಲಿ ಪ್ರಾಧ್ಯಾಪಕ ಪಿ. ವಿ. ಬಾಪಟರು ಚೀನಿಯಲ್ಲಿ ಉಳಿದ ವಿಮುತ್ತಿಮಗ್ಗವನ್ನು ಪಾಲಿಯ ವಿಸುದ್ಧಿಮಗ್ಗದ ಪಕ್ಕದಲ್ಲಿಟ್ಟು ಹೋಲಿಸಿದ ಪುಸ್ತಕ 1937ರಷ್ಟು ಹಿಂದೆಯೇ ಬಂದಿತು. ಎರಡು ಭಾಷೆಗಳನ್ನು ಹಾಗೆ ಅಕ್ಕಪಕ್ಕ ಕೂರಿಸದೆ ಅಂಥ ಕೆಲಸ ಸಾಗುವುದಿಲ್ಲ.

ತರಗತಿಗೆ ಬೇಕಾದದ್ದು ಹತ್ತು ವಾಕ್ಯ, ಅರ್ಧ ಗಂಟೆ. ಮೂರು ಸಲ ಕೇಳಿಸಿ, ಕೈಯಲ್ಲಿ ಬರೆಸಿ, ಮನೆಯಲ್ಲಿ ಆಡುವ ಮಾತಿಗೇ ತಿರುಗಿಸಲು ಹೇಳಿ. ಮರುದಿನ ಆ ಕನ್ನಡ ಅಥವಾ ಮರಾಠಿಯನ್ನಷ್ಟೇ ಕೊಟ್ಟು ಮತ್ತೆ ಚೀನಿಗೆ ತರಿಸಿ. ಎಲ್ಲಿ ‘ಬ’ ಉದುರಿತು, ಎಲ್ಲಿ ‘ಲ’ ಹೆಚ್ಚಾಯಿತು ಎಂಬುದು ಕೆಂಪು ಶಾಯಿಯಲ್ಲಿ ಕಾಣುತ್ತದೆ.