ಗುಡ್ಡ ಕಡಿಯುವ ಮುನ್ನ: ಘಟ್ಟದ ಕಲ್ಲುಮಣ್ಣನ್ನು ಅರಿಯೋಣ

ಜೋಗೇಶ್ವರಿ: ಮಳೆಗಾಲದಲ್ಲಿ ಜೋಗೇಶ್ವರಿ ಪೂರ್ವದ ಗುಹಾಲಯಕ್ಕೆ ಹೋಗಿಬಂದವರಿಗೆ ಅಲ್ಲಿನ ಒಂದು ದೃಶ್ಯ ಪರಿಚಿತವಾಗಿಯೇ ಇರುತ್ತದೆ. ಆರನೆಯ ಶತಮಾನದ್ದೆಂದು ವಿದ್ವಾಂಸರು ಗುರುತಿಸುವ ಈ ಶೈವ ದೇಗುಲವನ್ನು ಬಂಡೆಯೊಳಗೇ ಕೊರೆಯಲಾಗಿದೆ. ಮಳೆ ಹಿಡಿದ ದಿನಗಳಲ್ಲಿ ಅದರ ಛಾವಣಿಯಿಂದಲೂ ಗೋಡೆಗಳಿಂದಲೂ ನೀರು ಒಸರುತ್ತಿರುತ್ತದೆ. ಘನವಾಗಿ ಕಾಣುವ ಬಂಡೆಯೊಳಗೂ ನೀರು ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ ಎಂಬುದಕ್ಕೆ ನಮ್ಮ ಮನೆಬಾಗಿಲಲ್ಲೇ ಇರುವ ಸಾಕ್ಷಿಯಿದು. ಇದೇ ನೀರಿನ ದಾರಿ ನಮ್ಮಲ್ಲನೇಕರ ಮೂಲ ಮನೆಗಳಿರುವ ಪಶ್ಚಿಮಘಟ್ಟದ ತಪ್ಪಲಿನಲ್ಲಿ ಇಂದು ಜೀವನ್ಮರಣದ ಪ್ರಶ್ನೆಯಾಗಿ ಪರಿಣಮಿಸಿದೆ.

ಕಳೆದ ಕೆಲವು ಮಳೆಗಾಲಗಳನ್ನು ನೆನಪಿಸಿಕೊಳ್ಳೋಣ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಮುಂತಾದೆಡೆ ಗುಡ್ಡಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಜರಿದು ಅರ್ಚಕರ ಮನೆಯನ್ನೇ ಆಹುತಿ ತೆಗೆದುಕೊಂಡಿತು. 2024ರ ಜುಲೈ ತಿಂಗಳೊಂದರಲ್ಲೇ ಮೂರು ದುರ್ಘಟನೆಗಳು ಸಂಭವಿಸಿದವು. 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಉರುಳಿ ಗಂಗಾವಳಿ ನದಿಯನ್ನು ಸೇರಿತು. 26ರಂದು ಯಡಕುಮರಿ-ಕಡಗರವಳ್ಳಿ ನಡುವೆ ರೈಲು ಮಾರ್ಗದ ಮಣ್ಣು ಜಾರಿ ಮಂಗಳೂರು-ಬೆಂಗಳೂರು ರೈಲುಗಳು ಸ್ಥಗಿತಗೊಂಡವು. 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳು ನೆಲಸಮವಾಗಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಕರ್ನಾಟಕದಿಂದ ಹೋಗಿ ನೆಲೆಸಿದ್ದವರೂ ಇದ್ದರು.

ಮಹಾರಾಷ್ಟ್ರವೂ ಇದಕ್ಕೆ ಹೊರತಲ್ಲ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣದಲ್ಲಿ 151 ಮಂದಿ ಮಣ್ಣಿನಡಿ ಸಿಲುಕಿ ಮಡಿದರು. 2021ರಲ್ಲಿ ಮಹಾಡ್ ಬಳಿಯ ತಳಿಯೆ, 2023ರಲ್ಲಿ ರಾಯಗಡ ಜಿಲ್ಲೆಯ ಇರ್ಶಾಳವಾಡಿ ಗ್ರಾಮಗಳು ಅದೇ ಗತಿಯನ್ನು ಕಂಡವು. ಪ್ರತಿ ಬಾರಿಯೂ ಕೇಳಿಬರುವ ವಿವರಣೆ ಒಂದೇ: ಅತಿವೃಷ್ಟಿ. ಮಳೆ ನಿಮಿತ್ತವೆಂಬುದು ನಿಜ. ಆದರೆ 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದುದನ್ನು ಕಂಡ ಮುಂಬಯಿಗರಿಗೆ, ಮಳೆ ಎಷ್ಟು ಸುರಿಯಿತು ಎಂಬುದರಷ್ಟೇ ಸುರಿದ ನೀರು ಎಲ್ಲಿಗೆ ಹೋಯಿತು ಎಂಬುದೂ ಮುಖ್ಯವೆಂದು ಬೇರೆಯಾಗಿ ಹೇಳಬೇಕಾಗಿಲ್ಲ. ಘಟ್ಟದಲ್ಲಿ ಆ ಪ್ರಶ್ನೆಗೆ ಉತ್ತರ ಮಣ್ಣಿನಲ್ಲಿದೆ.

ಕಲ್ಲು ಮಣ್ಣಾಗುವ ಬಗೆ

ಎತ್ತರದ ಮಲೆಗಳ ಕಾಡಿನಲ್ಲಿ ಮಣ್ಣು ಎರಡು ಕಡೆಯಿಂದ ಹುಟ್ಟುತ್ತದೆ. ಕೆಳಗಿನಿಂದ ಬಂಡೆ ನಿಧಾನವಾಗಿ ಶಿಥಿಲಗೊಂಡು ಪುಡಿಯಾಗುತ್ತದೆ. ಮೇಲಿನಿಂದ ಎಲೆ, ಕಡ್ಡಿ, ಬೇರುಗಳು ಕೊಳೆತು ಗೊಬ್ಬರವಾಗುತ್ತವೆ. ಎತ್ತರದಲ್ಲಿ ತಂಪು ಹೆಚ್ಚಾದುದರಿಂದ ಎಲೆಗಳು ಬೇಗನೆ ಕೊಳೆಯುವುದಿಲ್ಲ. ಆದ್ದರಿಂದಲೇ ಶೋಲಾ ಕಾಡಿನ ಮೇಲ್ಮಣ್ಣು ಕಪ್ಪಾಗಿ, ಮೆತ್ತಗೆ, ನೀರು ಹೀರುವ ಗುಣ ಪಡೆದಿರುತ್ತದೆ. ಅದರ ಕೆಳಗೆ ಕಲ್ಲುಹರಳು ಬೆರೆತ ಮಣ್ಣು, ಅದರಡಿಯಲ್ಲಿ ಕೈಯಿಂದ ಪುಡಿಮಾಡಬಹುದಾದಷ್ಟು ಸಡಿಲಗೊಂಡ ಬಂಡೆ, ಎಲ್ಲಕ್ಕೂ ಕೆಳಗೆ ಗಟ್ಟಿ ಶಿಲೆ. ಕಡಿದಾದ ಶಿಖರಗಳಲ್ಲಿ ಈ ಪದರಗಳು ತೀರಾ ತೆಳುವು. ಕೊಡಗಿನ ಕಾಫಿ ತೋಟಗಳಂತಹ ಇಳಿಜಾರುಗಳಲ್ಲಿ ಸಡಿಲ ಬಂಡೆಯ ಪದರವೇ ಹಲವು ಮೀಟರ್ ದಪ್ಪವಿರುವುದುಂಟು.

ಈ ಮಣ್ಣು ಹಸಿರಾಗಿ ಕಂಡರೂ ಶ್ರೀಮಂತವಲ್ಲ. ಆಗುಂಬೆಯಂತಹ ಕಡೆ ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ. ಆ ನೀರು ಸುಣ್ಣದಂಶವನ್ನೂ ಇತರ ಲವಣಗಳನ್ನೂ ತೊಳೆದೊಯ್ದು ಮಣ್ಣನ್ನು ಆಮ್ಲೀಯವಾಗಿಸುತ್ತದೆ. ಅಲ್ಲಿನ ಸಂಪತ್ತು ಮರಗಳಲ್ಲಿ ಮತ್ತು ತರಗೆಲೆಯ ಹೊದಿಕೆಯಲ್ಲಿದೆ. ಕಾಡು ಕಡಿದರೆ ಆ ಕೂಡಿಟ್ಟ ಗಂಟು ಕೆಲವೇ ಮಳೆಗಾಲಗಳಲ್ಲಿ ಹೊಳೆಯ ಪಾಲಾಗುತ್ತದೆ. ಅದನ್ನು ಮರಳಿ ಗಳಿಸಲು ಪ್ರಕೃತಿಗೆ ಶತಮಾನಗಳು ಬೇಕು. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಅಂತ್ಯಕ್ಕೆ ನಿಂತಿತು. ಬಗೆದ ಬೆಟ್ಟಗಳ ಮೇಲೆ ಮೊದಲಿನ ಶೋಲಾ ಇನ್ನೂ ಮರಳಿಲ್ಲ.

ಕಲ್ಲುಗಳಿಂದ ಪ್ರಯೋಜನವೂ ಉಂಟು. ಅವುಗಳ ಸಂದುಗಳಲ್ಲಿ ನೀರು ಬೇಗನೆ ಇಳಿಯುತ್ತದೆ, ಬೇರುಗಳು ಬಿರುಕುಗಳಿಗೆ ನುಗ್ಗಿ ಮಣ್ಣನ್ನು ಬಂಡೆಗೆ ಕಟ್ಟಿಹಾಕುತ್ತವೆ. ಆದರೆ ಇಳಿದ ನೀರು ಗಟ್ಟಿ ಶಿಲೆಯನ್ನು ಮುಟ್ಟಿದೊಡನೆ ಮುಂದೆ ಇಳಿಯಲಾರದೆ ಶಿಲೆಯ ಮೈಮೇಲೆ ಪಕ್ಕಕ್ಕೆ ಹರಿಯತೊಡಗುತ್ತದೆ. ಹೊರಹೋಗುವ ದಾರಿ ತೆರೆದಿದ್ದರೆ ಒರತೆಯಾಗಿ, ತೊರೆಯಾಗಿ ಕೆಳಗಿಳಿಯುತ್ತದೆ. ದಾರಿ ಮುಚ್ಚಿದ್ದರೆ ಅಥವಾ ದಿನಗಟ್ಟಲೆ ಮಳೆ ಸುರಿದು ಒಳಗಿನ ನೀರು ಹೆಚ್ಚಿದರೆ ಆ ಒತ್ತಡಕ್ಕೆ ಮೇಲಿನ ಮಣ್ಣು ಬಂಡೆಯ ಮೇಲಿನ ಹಿಡಿತವನ್ನು ಸಡಿಲಿಸುತ್ತದೆ. ಗುಡ್ಡ ಜಾರುವುದು ಆಗ.

ನಮ್ಮ ಹಿರಿಯರಿಗೆ ಈ ನೀರಿನ ದಾರಿಯ ಅರಿವಿತ್ತು. ಕಾಸರಗೋಡು, ಪುತ್ತೂರು, ಬಂಟ್ವಾಳದ ಗುಡ್ಡಗಳಲ್ಲಿ ಅವರು ಅಡ್ಡಲಾಗಿ ಕೊರೆದ ಸುರಂಗಗಳು ಆ ಅರಿವಿನ ಫಲ. ಮುರಕಲ್ಲಿನ ಗಟ್ಟಿ ಹೊದಿಕೆಯ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆಂಬುದೂ ಅವರಿಗೆ ಗೊತ್ತಿತ್ತು. ಒಣಗಿದಾಗ ಗಟ್ಟಿಯಾಗಿರುವ ಶೇಡಿ, ನೀರು ಕುಡಿದಾಗ ಬೆಣ್ಣೆಯಂತಾಗುತ್ತದೆ.

ಎಲ್ಲಿ ತಪ್ಪಿದೆವು?

ಗುಡ್ಡದ ಬುಡವನ್ನು ನೆಟ್ಟಗೆ ಗೋಡೆಯಂತೆ ಕಡಿದಾಗ ಮೇಲಿನ ಮಣ್ಣಿಗಿದ್ದ ಆಸರೆ ಹೋಗುತ್ತದೆ. ಕಡಿದ ಮಣ್ಣನ್ನು ತಂದು ತೋಡಿಗೆ ಸುರಿದಾಗ ನೀರಿನ ದಾರಿಯೂ ಮುಚ್ಚುತ್ತದೆ. ಹೆದ್ದಾರಿಯ ವಿಸ್ತರಣೆ, ಹೋಂಸ್ಟೇ, ರೆಸಾರ್ಟ್, ಮನೆಯಂಗಳ, ಎಲ್ಲದರಲ್ಲೂ ನಡೆಯುತ್ತಿರುವುದು ಇದೇ. 2018ರ ನಂತರ ಕೊಡಗನ್ನು ಪರಿಶೀಲಿಸಿದ ಭೂವಿಜ್ಞಾನಿಗಳೂ ಮಳೆಯ ಜೊತೆಗೆ ಇಳಿಜಾರಿನ ಮೇಲಾದ ಮಾನವ ಹಸ್ತಕ್ಷೇಪವನ್ನು ಎತ್ತಿ ತೋರಿಸಿದರು. ಒಳ್ಳೆಯ ಉದ್ದೇಶದ ಕೆಲಸವೂ ಕೆಲವೊಮ್ಮೆ ತಿರುಗಿ ಹೊಡೆಯಬಹುದು. ಬಯಲಿನಲ್ಲಿ ವರವಾಗುವ ಇಂಗುಗುಂಡಿ, ಕಡಿದಾದ ಇಳಿಜಾರಿನಲ್ಲಿ ಮಣ್ಣಿನೊಳಗಿನ ನೀರಿನ ಒತ್ತಡವನ್ನೇ ಹೆಚ್ಚಿಸೀತು.

ಹಾಗೆಂದು ಕಾಡಿದ್ದರೆ ಕುಸಿತವೇ ಇಲ್ಲವೆಂದು ಹೇಳಲಾಗದು. ವಯನಾಡಿನಲ್ಲಿ ಕುಸಿತ ಆರಂಭವಾದುದು ಸುಮಾರು 1,550 ಮೀಟರ್ ಎತ್ತರದಲ್ಲಿ. ಅಲ್ಲಿಂದ ಬಂಡೆ, ಮರ, ಕೆಸರು ಹೊಳೆಯ ಪಾತ್ರದಲ್ಲಿ ಸುಮಾರು ಎಂಟು ಕಿಲೋಮೀಟರ್ ಹರಿದು ಬಂದವು. ಸತ್ತವರು ಬಹುಪಾಲು ಕೆಳಗಿನ ಹೊಳೆಯ ದಡದಲ್ಲಿ ನಿದ್ರಿಸುತ್ತಿದ್ದವರು. ಎತ್ತರದ ಕಲ್ಲುಮಣ್ಣು ಪ್ರಕೃತಿಯ ನಿಯಮದಂತೆ ಎಂದಾದರೊಮ್ಮೆ ಜಾರುತ್ತದೆ. ಕಾಡು ಆ ಘಳಿಗೆಯನ್ನು ಮುಂದೂಡುತ್ತದೆ. ನಾವು ಗುಡ್ಡ ಕಡಿದು ಅದನ್ನು ಹತ್ತಿರ ತರುತ್ತೇವೆ. ಮನೆ ಎಲ್ಲಿ ಕಟ್ಟುತ್ತೇವೆ ಎಂಬುದು ಹೇಗೆ ಕಟ್ಟುತ್ತೇವೆ ಎಂಬುದರಷ್ಟೇ ಮುಖ್ಯ.

ನೀತಿಯ ಮಟ್ಟದಲ್ಲಿ ಚಿತ್ರ ಆಶಾದಾಯಕವಾಗಿಲ್ಲ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ನೀಡಿದವು. ಆರನೆಯ ಕರಡು ಅಧಿಸೂಚನೆ ಹೊರಬಿದ್ದುದು 2024ರ ಜುಲೈ 31ರಂದು, ವಯನಾಡಿನ ದುರಂತದ ಮರುದಿನ. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಮಲೆನಾಡಿನ ಕೃಷಿಕರಲ್ಲಿ ಒಕ್ಕಲೆಬ್ಬಿಸುವ ಭಯವಿದೆ, ಅದನ್ನು ಹಗುರವಾಗಿ ಕಾಣಲಾಗದು. ಆದರೆ ಗಣಿ, ಕಲ್ಲುಕೋರೆಗಳಿಗೂ ಬಡ ರೈತನ ಗದ್ದೆ-ತೋಟಕ್ಕೂ ಒಂದೇ ತಕ್ಕಡಿ ಹಿಡಿಯುವ ಚರ್ಚೆಯಿಂದ ಯಾರ ಜೀವವೂ ಉಳಿಯುವುದಿಲ್ಲ.

ನಮ್ಮ ಪಾಲಿನ ಹೊಣೆ

ಇದರಲ್ಲಿ ಮುಂಬಯಿ ಕನ್ನಡಿಗರ ಪಾತ್ರವೇನು? ನಿವೃತ್ತಿಯ ನಂತರ ಊರಿನಲ್ಲೊಂದು ಮನೆ ಎಂಬುದು ನಮ್ಮೆಲ್ಲರ ಕನಸು. ಆ ಕನಸಿಗಾಗಿ ಇಲ್ಲಿಂದ ಹಣ ಕಳುಹಿಸುತ್ತೇವೆ. ಅಲ್ಲಿ ಜೆಸಿಬಿ ಎರಡು ದಿನಗಳಲ್ಲಿ ಗುಡ್ಡವನ್ನು ಸಮತಟ್ಟು ಮಾಡುತ್ತದೆ. ಮಳೆಗಾಲದಲ್ಲಿ ಆ ನೆಲ ಹೇಗಿರುತ್ತದೆಂದು ನೋಡಿದವರು ನಮ್ಮಲ್ಲಿ ವಿರಳ, ಏಕೆಂದರೆ ನಾವು ಊರಿಗೆ ಹೋಗುವುದು ಮೇ ತಿಂಗಳ ರಜೆಯಲ್ಲಿ.

ಆದುದರಿಂದ ಜಾಗ ನಿರ್ಧರಿಸುವ ಮೊದಲು ಒಮ್ಮೆ ಆಷಾಢದ ಮಳೆಯಲ್ಲಿ ಅಲ್ಲಿಗೆ ಹೋಗಿಬನ್ನಿ. ಹಳೆಯ ತೋಡು, ಒರತೆ ಎಲ್ಲಿತ್ತೆಂದು ನೆರೆಯ ಹಿರಿಯರನ್ನು ಕೇಳಿರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1:50,000 ಪ್ರಮಾಣದಲ್ಲಿ ಭೂಕುಸಿತ ಸಾಧ್ಯತೆಯ ನಕ್ಷೆ ಸಿದ್ಧಪಡಿಸಿದೆ, ಅದನ್ನು ಪರಿಶೀಲಿಸಿರಿ. ಗುಡ್ಡ ಕಡಿಯುವುದು ಅನಿವಾರ್ಯವಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಸಿರಿ, ತಡೆಗೋಡೆಯಲ್ಲಿ ನೀರು ಹೊರಹೋಗಲು ರಂಧ್ರಗಳನ್ನು ಬಿಡಿಸಿರಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆ ಹಠಾತ್ತನೆ ಕೆಸರಾಗುವುದು, ಇವು ಕಂಡರೆ ಒಂದು ಕ್ಷಣವೂ ಅಲ್ಲಿ ನಿಲ್ಲದಂತೆ ಊರಿನಲ್ಲಿರುವ ತಂದೆ-ತಾಯಿಯರಿಗೆ ತಿಳಿಸಿರಿ.

2004ರ ಜೂನ್ 16ರಂದು ಹಳಿಗೆ ಉರುಳಿದ ಬಂಡೆಗಳಿಂದ ಮತ್ಸ್ಯಗಂಧ ರೈಲು ಅಪಘಾತಕ್ಕೀಡಾದುದನ್ನು ನಾವು ಮರೆತಿಲ್ಲ. ಕೊಂಕಣ ರೈಲ್ವೆಯಲ್ಲಿ ಇಂದು ಇಳಿಜಾರಿಗೆ ಬಲೆ ಹೊದಿಸಲಾಗಿದೆ, ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಇದೆ, ಗಾಡಿಗಳು ನಿಧಾನವಾಗಿ ಸಾಗುತ್ತವೆ. ಊರು ತಲುಪುವುದು ತಡವಾಗುತ್ತದೆಂದು ಯಾರೂ ಗೊಣಗುವುದಿಲ್ಲ. ಮನೆ ಕಟ್ಟುವಾಗಲೂ ಅಷ್ಟು ನಿಧಾನವನ್ನು ನಾವು ಕಲಿತರೆ, ಊರಿನ ಮನೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.