ಆ್ಯಪ್‌ಗೂ ಬೇಕು ಪಿನ್‌ಕೋಡ್

ಹೊಸಹಳ್ಳಿ ಎಂಬ ಊರುಗಳು ರಾಜ್ಯದಲ್ಲಿ ಎಷ್ಟೋ ಇವೆ. ಒಂದೇ ಹೆಸರಿನ ಊರುಗಳ ಕಾಗದ ದಾರಿ ತಪ್ಪಬಾರದೆಂದು ಅಂಚೆ ಇಲಾಖೆ 1972ರಲ್ಲಿ ಪಿನ್‌ಕೋಡ್ ತಂದಿತು. ಚಿಕ್ಕಬಳ್ಳಾಪುರಕ್ಕೆ 562101, ಶಿಡ್ಲಘಟ್ಟಕ್ಕೆ 562105, ಗೌರಿಬಿದನೂರಿಗೆ 561208, ಚಿಂತಾಮಣಿಗೆ 563125.

ಮೊಬೈಲ್ ಆ್ಯಪ್‌ಗಳಿಗೂ ಇಂಥದೇ ಗುರುತಿದೆ: ಅಪ್ಲಿಕೇಶನ್ ಐಡಿ. ‘ರೇಷ್ಮೆ ದರ’ ಎಂಬ ಹೆಸರು ಹತ್ತು ಆ್ಯಪ್‌ಗಳಿಗೆ ಇರಬಹುದು. ಐಡಿ ಮಾತ್ರ ಬೇರೆ ಬೇರೆಯೇ ಇರಬೇಕು. ಒಂದೇ ಐಡಿಯ ಎರಡು ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಜೊತೆಗಿರಲಾರವು. ಎರಡನೆಯದು ಇನ್‌ಸ್ಟಾಲ್ ಆಗದು, ಇಲ್ಲವೇ ಮೊದಲನೆಯದರ ಜಾಗವನ್ನೇ ಹಿಡಿಯುತ್ತದೆ.

ಆದರೂ ಪ್ರಾಜೆಕ್ಟ್ ಮಾಡುವಾಗ ಅನೇಕ ವಿದ್ಯಾರ್ಥಿಗಳು ‘ಕಾಮ್ ಡಾಟ್ ಎಕ್ಸಾಂಪಲ್’ ಎಂದು ಶುರುವಾಗುವ ಮಾದರಿ ಐಡಿಯನ್ನೇ ಉಳಿಸಿಕೊಳ್ಳುತ್ತಾರೆ. ಅಂಕಕ್ಕೆ ಅದು ಸಾಕು. ಪ್ಲೇ ಸ್ಟೋರ್ ಒಪ್ಪುವುದಿಲ್ಲ. ಪ್ರಕಟಿಸಿದ ಮೇಲೆ ಐಡಿ ಬದಲಿಸಿದರೆ ಅದು ಹೊಸ ಆ್ಯಪ್ ಎನಿಸುತ್ತದೆ. ಶಿಡ್ಲಘಟ್ಟದ ರೀಲರ್ ಫೋನಿನಲ್ಲಿ ಬರೆದಿಟ್ಟ ಗೂಡಿನ ಲೆಕ್ಕ ಹಳೆಯದರಲ್ಲೇ ಉಳಿದುಬಿಡುತ್ತದೆ.

ಇದಕ್ಕೆ ಪರಿಹಾರ ಸುಲಭ ಎಂಬುದು ಬಿಇ ಓದುತ್ತಿರುವ ನನ್ನ ಅಭಿಪ್ರಾಯ. ಕಾಲೇಜಿನ ವೆಬ್ ವಿಳಾಸದ ಭಾಗಗಳನ್ನು ಹಿಂದುಮುಂದಾಗಿಸಿ, ಕೊನೆಗೆ ತಂಡದ ಮತ್ತು ಆ್ಯಪ್‌ನ ಹೆಸರು ಸೇರಿಸಿದರೆ ಐಡಿ ಸಿದ್ಧ. ಪ್ರತಿ ವಿಭಾಗದಲ್ಲೂ ಒಂದು ರಿಜಿಸ್ಟರ್ ಇರಲಿ. ಕೋಡ್ ಬರೆಯುವ ಮುನ್ನವೇ ಐಡಿ ಅಲ್ಲಿ ದಾಖಲಾಗಲಿ. ನಮ್ಮೂರಿಗೆ ಉಪಯೋಗವಾಗುವ ಆ್ಯಪ್ ಪರೀಕ್ಷೆಯ ದಿನಕ್ಕೇ ಮುಗಿದುಹೋಗಬಾರದು.