ಉರು ಹೊಡೆದರೆ ಸಾಲದು



ಹ್ಯಾಮ್ (ಹವ್ಯಾಸಿ) ರೇಡಿಯೊ ಪರವಾನಗಿ ಪರೀಕ್ಷೆ ತಿಳಿವಳಿಕೆಗಿಂತ ಬಾಯಿಪಾಠಕ್ಕೇ ಮಣೆ ಹಾಕುತ್ತಿದೆ. ಅಮೆರಿಕದಲ್ಲಿ ಪ್ರಶ್ನೆಗಳೂ ಸರಿಯುತ್ತರಗಳೂ ಮೊದಲೇ ಪ್ರಕಟವಾಗಿರುತ್ತವೆ. ಮೊದಲ ಹಂತದಲ್ಲಿ 35ಕ್ಕೆ 26 ಸರಿಯಾದರೆ ಪಾಸು. ನಮ್ಮಲ್ಲೂ ಹಳೆಯ ಪ್ರಶ್ನೆಗಳನ್ನು ಉರು ಹೊಡೆದು ಪಾಸಾಗುವವರಿದ್ದಾರೆ. 7 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಆಂಟೆನಾ ಸುಮಾರು 20 ಮೀಟರ್ ಎಂದು ಗುರುತು ಹಾಕಿದರೆ ಅಂಕ ಬರುತ್ತದೆ. ಆದರೆ 14 ಮೆಗಾಹರ್ಟ್ಸ್‌ಗೆ ಅದು ಏಕೆ ಅರ್ಧಕ್ಕಿಳಿಯುತ್ತದೆ ಎಂದು ಹೇಳಬಲ್ಲವರಿಗೆ ಮಾತ್ರ ವಿಷಯ ತಿಳಿದಿದೆ ಎನ್ನಬಹುದು.

ಪರೀಕ್ಷೆ ಕಠಿಣವಾಗಲಿ ಎಂದು ನಾನು ಕೇಳುತ್ತಿಲ್ಲ. ಶಾಲಾ ಮಕ್ಕಳಿಗೂ ಈ ಬಾಗಿಲು ತೆರೆದಿರಬೇಕು. ಬರವಣಿಗೆಯ ಜೊತೆಗೆ ಕೈಕೆಲಸವನ್ನೂ ನೋಡಲಿ: ಆಂಟೆನಾ ಕಟ್ಟುವುದು, ಎಸ್‌ಡಬ್ಲ್ಯುಆರ್ (ಸ್ಥಾಯಿ ತರಂಗ ಅನುಪಾತ) ಅಳೆಯುವುದು, ಗದ್ದಲದ ನಡುವೆ ತುರ್ತು ಸಂದೇಶವನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು. 2004ರ ಸುನಾಮಿಯಲ್ಲಿ ಅಂಡಮಾನ್‌ನ ದೂರವಾಣಿ ಸಂಪರ್ಕ ಕಡಿದಾಗ ಸುದ್ದಿ ದಾಟಿಸಲು ನೆರವಾದದ್ದು ಹ್ಯಾಮ್‌ಗಳ ಇಂಥ ಕೌಶಲವೇ. ದೂರಸಂಪರ್ಕ ಇಲಾಖೆ ಪ್ರಾಯೋಗಿಕ ಪರೀಕ್ಷೆಯನ್ನು ಸೇರಿಸಲಿ. ಅನುಭವಿ ಹ್ಯಾಮ್‌ಗಳು ಹೊಸಬರಿಗೆ ಕಲಿಸಲು ಮುಂದಾಗಲಿ.

– ಒಬ್ಬ ರೇಡಿಯೊ ಹವ್ಯಾಸಿ, ಮೈಸೂರು